ಮೀಟಿಂಗಿನಲ್ಲಿ ಹೇಳುವ ಸಾವು

ನನ್ನ ಗಂಡ ಸತ್ತದ್ದನ್ನು ಎಷ್ಟು ಸಲ ಹೇಳಿದ್ದೇನೆ ಎಂದು ಕೇಳಬೇಡಿ, ಲೆಕ್ಕ ಇಟ್ಟಿಲ್ಲ. ನೆಲಮಂಗಲದಲ್ಲಿ ಹೇಳಿದ್ದೇನೆ, ದೊಡ್ಡಬಳ್ಳಾಪುರದಲ್ಲಿ ಹೇಳಿದ್ದೇನೆ. ದೇವನಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ, ಹಿಂದಿನ ದಿನದ ಮದುವೆಯ ಹೂವಿನ ಅಲಂಕಾರ ಇನ್ನೂ ಬಿಚ್ಚಿರಲಿಲ್ಲ, ವಧೂವರರ ಹೆಸರಿನ ಥರ್ಮಾಕೋಲು ಅಕ್ಷರಗಳ ಕೆಳಗೇ ನಿಂತು ಹೇಳಿದ್ದೇನೆ. ಹೇಳುವಾಗ ಅಳು ಬರುವುದಿಲ್ಲವೇ ಎಂದು ಕೆಲವರು ಆಮೇಲೆ ಬಂದು ಕೈ ಹಿಡಿದು ಕೇಳುತ್ತಾರೆ. ಬರುವುದಿಲ್ಲ. ಬರುವುದಿಲ್ಲ ಎಂದರೆ ಬರುವುದಿಲ್ಲ, ಅದಕ್ಕೆ ನಾನೇನು ಮಾಡಲಿ. ಕೇಳುವವರಿಗೆ ಬರುತ್ತದೆ. ಆಗ ನಾನು ಮೇಜಿನ ಮೇಲಿನ ನೀರಿನ ಬಾಟಲಿಯನ್ನು ಅವರ ಕಡೆ ತಳ್ಳಿ, ಅವರು ಕುಡಿದು ಮುಗಿಸುವವರೆಗೆ ಕಾಯುತ್ತೇನೆ.

ನಮ್ಮೂರು ನೆಲಮಂಗಲ ತಾಲ್ಲೂಕಿನದು, ಸೋಂಪುರದ ಕೈಗಾರಿಕಾ ಪ್ರದೇಶಕ್ಕೆ ಹತ್ತಿರ. ಬೆಳಿಗ್ಗೆ ಶಿಫ್ಟು ಬಿಡುವ ಸೈರನ್ನು ನಮ್ಮ ಕೊಟ್ಟಿಗೆಗೂ ಕೇಳಿಸುತ್ತದೆ. ನಮ್ಮದು ಹೊಲ ಇರುವ ಮನೆ. ರಾಗಿ, ಹುರುಳಿ, ಎರಡು ಹಸು, ಡೇರಿಗೆ ಹಾಲು. ಅದರ ಜೊತೆಗೆ ನಮ್ಮ ಮನೆಯವರು ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ಮೇಲೆ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ನಾವು ನಾಲ್ಕೇ ಜನ: ಅವರು, ನಾನು, ನನ್ನ ಅತ್ತೆ, ಒಬ್ಬಳೇ ಮಗಳು. ಮಗಳು ಆಗ ಹೈಸ್ಕೂಲಿನಲ್ಲಿದ್ದಳು.

ಆ ದಿನ ಮಧ್ಯಾಹ್ನ ಅವರು ಶಿಫ್ಟಿನಿಂದ ಬೇಗ ಬಂದರು. ಎದೆ ಉರಿ ಅಂದರು. ಗ್ಯಾಸು ಎಂದು ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ. ಜೀರಿಗೆ ಕಷಾಯ ಕೊಟ್ಟೆ. ಸ್ವಲ್ಪ ಹೊತ್ತಿಗೆ ಬೆವರು ಬಂತು. ಕ್ರಾಸಿನಲ್ಲಿ ಇರುವ ಕ್ಲಿನಿಕ್ಕಿಗೆ ಬೈಕಿನಲ್ಲಿ ಅವರೇ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದು ಮಲಗಿದರು. ಆಮೇಲೆ ಎದೆ ಹಿಡಿದುಕೊಂಡು ಎದ್ದು ಕೂತರು. ಪಕ್ಕದ ಮನೆಯವನದು ತರಕಾರಿ ಸಾಗಿಸುವ ಗೂಡ್ಸ್ ಗಾಡಿ ಇತ್ತು. ಅದರ ಹಿಂದೆ ಹಾಸಿಗೆ ಹಾಸಿ ಮಲಗಿಸಿ, ನಾನೂ ಅತ್ತೆಯೂ ಹತ್ತಿ ಕೂತು, ಹೆದ್ದಾರಿಗೆ ಬಂದು, ಟೋಲ್ ದಾಟಿ, ಬೆಂಗಳೂರಿನ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಗೇಟಿನವನು ಈ ಗೇಟಲ್ಲ, ಆ ಗೇಟು ಅಂದ. ಆ ಗೇಟಿನವನು ಮೊದಲು ಚೀಟಿ ಮಾಡಿಸಿ ಅಂದ. ಸ್ಟ್ರೆಚರು ಬರುವುದಕ್ಕೆ ಹೊತ್ತಾಯಿತು. ಡಾಕ್ಟರು ಗಾಡಿಯ ಹತ್ತಿರವೇ ಬಂದು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಇಲ್ಲ ಅಂದರು.

ಇಷ್ಟೇ. ಗೇಟಿನಲ್ಲಿ ಕಾಯುವಾಗ ಹೋದರು ಎಂದು ನಾನೂ ಅಂದೆ, ಊರೂ ಅಂದಿತು.

ಒಂದೆರಡು ತಿಂಗಳು ಕಳೆದ ಮೇಲೆ ನಮ್ಮೂರಿನ ಆಶಾ ಕಾರ್ಯಕರ್ತೆ ಬೆಂಗಳೂರಿನ ಒಂದು ಸಂಸ್ಥೆಯವರನ್ನು ಮನೆಗೆ ಕರೆತಂದಳು. ಹಳ್ಳಿಯವರಿಗೆ ಎದೆನೋವು ಬಂದಾಗ ಚಿಕಿತ್ಸೆ ಯಾಕೆ ತಡವಾಗುತ್ತದೆ ಎಂಬ ಸಂಶೋಧನೆ. ಅದನ್ನು ನಡೆಸುವವರು ಒಬ್ಬ ಮೇಡಂ, ಡಾಕ್ಟರೇ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಖಾದಿ ಕುರ್ತಾ. ಅವರು ಮೊದಲ ದಿನ ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ.

"ನಾವು ನಿಮ್ಮ ಮೇಲೆ ಸಂಶೋಧನೆ ಮಾಡೋದಿಲ್ಲ ಅಕ್ಕ. ನಿಮ್ಮ ಜೊತೆ ಮಾಡ್ತೀವಿ. ನೀವೂ ಸಂಶೋಧಕರೇ."

ಅತ್ತೆ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ ಸೆರಗಿನಿಂದ ಒರೆಸಿ ಹಾಕಿದ್ದರು. ಮೇಡಂ ಕೂರಲಿಲ್ಲ. ಎಲ್ಲರೂ ಸಮ, ಎಲ್ಲರೂ ಚಾಪೆಯ ಮೇಲೆ ದುಂಡಗೆ ಕೂರೋಣ ಅಂದರು. ಮನೆಗೆ ಬಂದ ಡಾಕ್ಟರು ನೆಲದ ಮೇಲೆ ಕೂತರೆ ಅತ್ತೆ ಎಲ್ಲಿ ಕೂರಬೇಕು? ಅವರು ಕಂಬ ಹಿಡಿದು ನಿಂತೇ ಇದ್ದರು. ಆ ಖಾಲಿ ಕುರ್ಚಿ ನಡುಮನೆಯಲ್ಲಿ ಯಾರಿಗೂ ಬೇಡವಾಗಿ ನಿಂತಿತ್ತು, ನನಗೆ ನಗು ಬಂದು ತಡೆದುಕೊಂಡೆ. ಗಂಡ ಸತ್ತ ಮೇಲೆ ಅದೇ ಮೊದಲ ನಗು ಇರಬೇಕು.

ಆಮೇಲೆ ಮೇಡಂ ನನ್ನ ಕಡೆ ಬಾಗಿ, ಮನೆಯಲ್ಲಿ ಯಾರ ಮಾತು ನಡೆಯುತ್ತೆ ಎಂದು ಕೇಳಿದರು. ನಾನು ಅತ್ತೆಯ ಕಡೆ ನೋಡಿದೆ. ಅಷ್ಟು ನೋಡಿದ್ದೇ ಸಾಕಾಯಿತು. ಮೇಡಂ ಎದ್ದು, ಅತ್ತೆಯ ಕೈ ಹಿಡಿದು, ತುಂಬಾ ಮೆತ್ತಗೆ ಹೇಳಿದರು.

"ಅಜ್ಜಿ, ತಪ್ಪು ತಿಳ್ಕೋಬೇಡಿ. ನೀವು ಸ್ವಲ್ಪ ಹೊತ್ತು ಹೊರಗೆ ಕೂತ್ಕೋತೀರಾ? ಸೊಸೆಯಂದಿರು ಅತ್ತೆ ಎದುರಿಗೆ ಮನಸ್ಸು ಬಿಚ್ಚಿ ಮಾತಾಡೋಕಾಗಲ್ಲ."

ಅತ್ತೆ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ತಮ್ಮದೇ ಮನೆಯಿಂದ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಮದುವೆಯಾಗಿ ಬಂದಾಗಿನಿಂದ ಯಾರೂ ಅತ್ತೆಯನ್ನು ಆಚೆ ಕಳಿಸಿ ನನ್ನನ್ನು ಮಾತಾಡು ಎಂದಿರಲಿಲ್ಲ. ಆವತ್ತು ಮಾತಾಡಿದೆ. ಅತ್ತುಕೊಂಡು ಮಾತಾಡಿದೆ, ಮೂಗು ಒರೆಸಿಕೊಂಡು ಮಾತಾಡಿದೆ, ಕಷಾಯ ಕೊಟ್ಟದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ. ಚಾಪೆಯ ನಡುವೆ ಸಣ್ಣ ರೆಕಾರ್ಡರು ಕೆಂಪು ದೀಪ ಹಚ್ಚಿಕೊಂಡು ಕೂತಿತ್ತು. ಎಷ್ಟು ಹೊತ್ತು, ಏನೇನು ಹೇಳಿದೆ, ನನಗೇ ಗೊತ್ತಿಲ್ಲ. ಹೊರಗೆ ಅತ್ತೆ ಕೆಮ್ಮುತ್ತಿದ್ದರು.

ಅಲ್ಲಿಂದ ಮುಂದೆ ನಾನು ಸಹ ಸಂಶೋಧಕಿಯಾದೆ. ಕುತ್ತಿಗೆಗೆ ಹಾಕಿಕೊಳ್ಳುವ ಕಾರ್ಡು ಕೊಟ್ಟರು. ಪಿಯುಸಿ ಓದಿದ್ದೆನಲ್ಲ, ಬರೆಯುವುದು ಬರುತ್ತಿತ್ತು. ಬೇರೆ ಊರುಗಳಿಗೆ ಹೋಗಿ ನನ್ನಂಥ ಹೆಂಗಸರ ಜೊತೆ ಕೂತು ಮಾತಾಡಿಸುವುದು, ಚಾರ್ಟ್ ಹಾಳೆಯ ಮೇಲೆ ಬಣ್ಣದ ಚೀಟಿ ಅಂಟಿಸುವುದು, ತಡ ಎಲ್ಲೆಲ್ಲಿ ಆಯಿತು ಎಂದು ಗೆರೆ ಎಳೆಯುವುದು. ಮನೆಯಲ್ಲಿ ಆಗುವುದು ಮೊದಲನೇ ತಡ, ದಾರಿಯಲ್ಲಿ ಆಗುವುದು ಎರಡನೇ ತಡ, ಆಸ್ಪತ್ರೆಯಲ್ಲಿ ಆಗುವುದು ಮೂರನೇ ತಡ. ನಮ್ಮ ಮನೆಯವರದು ಮೂರನೆಯದು ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದರು. ನನ್ನ ಕಷಾಯದ ತಡ ಸಣ್ಣದು, ಗೇಟಿನ ತಡ ದೊಡ್ಡದು ಎಂದು ಮೇಡಂ ಹಸಿರು ಚೀಟಿ ಅಂಟಿಸಿದಾಗ ಎದೆಯ ಮೇಲಿನ ಒಂದು ಭಾರ ಇಳಿಯಿತು. ಆವತ್ತು ಮನೆಗೆ ಬಂದು ಹೊಟ್ಟೆ ತುಂಬಾ ಊಟ ಮಾಡಿದೆ.

ಮೇಡಂ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇರೆ ಅರ್ಥ ಮಾಡಿಕೊಳ್ಳಬಾರದು. ನಮ್ಮ ಮನೆಯ ಮುದ್ದೆ ಉಂಡಿದ್ದಾರೆ, ಹಸು ಕರು ಹಾಕಿದಾಗ ಫೋನ್ ಮಾಡಿ ಕೇಳಿದ್ದಾರೆ. ನನ್ನನ್ನು ಅಕ್ಕ ಎನ್ನುತ್ತಿದ್ದರು. ತಮ್ಮನ್ನು ಹೆಸರು ಹಿಡಿದು ಕರೆಯಿರಿ, ನಾವಿಬ್ಬರೂ ಒಂದೇ ಎಂದು ಬಹಳ ಸಲ ಹೇಳಿದರು. ನನಗೆ ಬಾಯಿ ಬರಲಿಲ್ಲ. ಮೇಡಂ ಅಂದರೆ ಅವರಿಗೆ ಬೇಜಾರು, ಹೆಸರು ಹಿಡಿದರೆ ನನಗೆ ಬೇಜಾರು. ಕೊನೆಗೆ ಎರಡನ್ನೂ ಬಿಟ್ಟು ‘ಇಲ್ನೋಡಿ’ ಎಂದು ಕರೆಯತೊಡಗಿದೆ. ಎಲ್ಲರೂ ಸಮ ಎನ್ನುವುದನ್ನು ಹೇಳುವುದಕ್ಕೂ ಅವರೇ ಬೇಕಾಗಿತ್ತು, ನಾನು ಹೇಳಿದ್ದರೆ ಯಾರು ಕೇಳುತ್ತಿದ್ದರು.

ಕಥೆಯನ್ನು ಚಿಕ್ಕದು ಮಾಡಿದ್ದು ಆಮೇಲೆ. ಅಧಿಕಾರಿಗಳ ಎದುರು ಹೇಳಬೇಕು, ಅವರಿಗೆ ಪುರುಸೊತ್ತಿಲ್ಲ, ಹೇಳುವುದು ಐದು ನಿಮಿಷದಲ್ಲಿ ಮುಗಿಯಬೇಕು. ಎರಡು ದಿನದ ತರಬೇತಿ ಇಟ್ಟರು. ನನ್ನ ಕಥೆಯನ್ನು ನಾನು ಹೇಳುವುದು ಹೇಗೆ ಎಂದು ನನಗೆ ತರಬೇತಿ. ಕಷಾಯ ತೆಗೆದರು, ಕ್ಲಿನಿಕ್ಕು ಒಂದೇ ಸಾಲಾಯಿತು. ಪಕ್ಕದ ಮನೆಯವನ ಗಾಡಿಯಲ್ಲಿ ಡೀಸೆಲ್ ಕಡಿಮೆ ಇದ್ದದ್ದು, ಅವನು ಬಂಕಿನಲ್ಲಿ ನಿಲ್ಲಿಸದೆ ದೇವರ ಮೇಲೆ ಭಾರ ಹಾಕಿ ಓಡಿಸಿದ್ದು, ಇದೆಲ್ಲ ಬೇಡ, ಕೇಳುವವರ ಗಮನ ಬೇರೆ ಕಡೆ ಹೋಗುತ್ತೆ ಅಂದರು. ಗೇಟಿನ ಹತ್ತಿರ ನಿಧಾನ ಮಾಡಬೇಕು. ಅಲ್ಲಿ ಉಸಿರು ತೆಗೆದುಕೊಳ್ಳಬೇಕು.

"ಗೇಟ್ ಹತ್ರ ಅವರು ಏನಾದ್ರೂ ಮಾತಾಡಿದ್ರಾ ಅಕ್ಕ? ನೆನಪು ಮಾಡ್ಕೊಳ್ಳಿ," ಎಂದು ಮೇಡಂ ಕೇಳಿದರು.

ನಾನು ನೆನಪು ಮಾಡಿಕೊಂಡೆ. ಸುತ್ತ ಎಲ್ಲರೂ ಕಾಯುತ್ತಿದ್ದರು. ಯಾರೋ, ಮಕ್ಕಳನ್ನ ಕೇಳಿರಬಹುದು, ಅಲ್ವಾ, ಅಂದರು. ನಾನು, ಕೇಳಿರಬಹುದು ಅಂದೆ. ಮೇಡಂ ತಲೆಯಾಡಿಸಿ ಬರೆದುಕೊಂಡರು. ಅದು ನನಗೆ ನಿಜವಾಗಿಯೇ ನೆನಪಾಯಿತೋ, ಕೇಳಿದವರ ಮುಖ ನೋಡಿ ಹಾಗಂದೆನೋ, ಆ ಹೊತ್ತಿನಲ್ಲಿ ನನಗೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ಆಯಿತು. ಇಂಥ ಸಂಶೋಧನೆಯಲ್ಲಿ ಯಾರ ಗುರುತೂ ಸಿಗಬಾರದು ಎಂಬ ನಿಯಮವಿದೆಯಂತೆ, ಅದು ನಮ್ಮ ರಕ್ಷಣೆಗೆ. ಹೆಸರು ತೆಗೆದರೆ ಸಾಲದು, ಬೇರೆ ವಿವರವನ್ನೂ ಬದಲಿಸಬೇಕು. ಹೀಗೆ ನಮ್ಮೆಲ್ಲರ ಕಥೆಗಳ ಪುಸ್ತಿಕೆ ಅಚ್ಚಾಗಿ ಬಂದಾಗ ನನ್ನ ಗಂಡ ಗಾರೆ ಕೆಲಸದವನಾಗಿದ್ದ. ಊರು ಇನ್ಯಾವುದೋ ಜಿಲ್ಲೆಗೆ ಹೋಗಿತ್ತು. ಗಾಡಿ ಆಟೋ ಆಗಿತ್ತು, ಅದರಲ್ಲಿ ಅತ್ತೆ ಇರಲೇ ಇಲ್ಲ. ನನಗೆ ಇಬ್ಬರು ಗಂಡುಮಕ್ಕಳು. ಆಸ್ಪತ್ರೆಯ ಗೇಟಿನ ಹತ್ತಿರ ಅವನು ಕಣ್ಣು ಬಿಟ್ಟು, ‘ಮಕ್ಕಳು ಎಲ್ಲಿ, ಒಂದು ಸಲ ನೋಡ್ಬೇಕು’ ಎನ್ನುತ್ತಾನೆ. ಅದೇ ಕೊನೆಯ ಮಾತು.

ಓದಿ ನನಗೆ ಏನೂ ಅನ್ನಿಸಲಿಲ್ಲ. ಯಾರದೋ ಮನೆಯ ಸುದ್ದಿ ಓದಿದ ಹಾಗಿತ್ತು, ಪಾಪ ಅನ್ನಿಸಿತು. ಪುಸ್ತಿಕೆಯಲ್ಲಿ ಒಂದು, ಬಾಯಲ್ಲಿ ಒಂದು ಆದರೆ ಗೊಂದಲವಾಗುತ್ತೆ, ಮೀಟಿಂಗಿನಲ್ಲಿ ಪುಸ್ತಿಕೆಯಲ್ಲಿರುವ ಹಾಗೇ ಹೇಳಿ ಅಂದರು. ಸರಿ ಅಂದೆ. ಮೊದಮೊದಲು ‘ಇಬ್ಬರು ಗಂಡುಮಕ್ಕಳು’ ಎನ್ನುವಾಗ ನಾಲಿಗೆ ತಡವರಿಸುತ್ತಿತ್ತು. ಆಮೇಲೆ ಅದೂ ಹೋಯಿತು. ಹೇಳುತ್ತಿರುವಾಗಲೇ ಮನಸ್ಸಿನಲ್ಲಿ ಹಸುವಿಗೆ ಬೂಸಾ ತರಬೇಕು, ಗ್ಯಾಸ್ ಸಿಲಿಂಡರು ಬುಕ್ ಮಾಡಬೇಕು ಎಂದು ಓಡುತ್ತಿತ್ತು. ಗೇಟಿನ ಹತ್ತಿರ ಬಂದಾಗ ಬಾಯಿ ತಾನಾಗಿಯೇ ನಿಲ್ಲುತ್ತಿತ್ತು, ಉಸಿರು ತಾನಾಗಿಯೇ ಬರುತ್ತಿತ್ತು, ಎದುರಿಗಿದ್ದವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲವಲ್ಲ, ಹಾಗೆ ಇರುತ್ತಿತ್ತು. ಮನೆಯಲ್ಲಿ ಒಬ್ಬಳೇ ಇದ್ದಾಗ ಅವರನ್ನು ನೆನೆಸಿಕೊಳ್ಳಲು ಹೋದರೂ ಗಾರೆ ಮೆತ್ತಿದ ಕೈ ಕಣ್ಣಿಗೆ ಬರುತ್ತಿತ್ತು. ನಮ್ಮ ಮನೆಯವರು ಜೀವಮಾನದಲ್ಲಿ ಕರಣೆ ಹಿಡಿದವರಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ಸಂಶೋಧನೆ ಮುಗಿದಿದ್ದರೂ ಕಥೆ ಮುಗಿಯಲಿಲ್ಲ, ಅವರಿವರು ಕರೆಯುತ್ತಲೇ ಇದ್ದರು. ಮಗಳು ಡಿಗ್ರಿ ಸೇರಿದಳು. ಅವಳು ಅಪ್ಪನ ವಿಷಯ ಮನೆಯಲ್ಲಿ ಎತ್ತುತ್ತಿರಲಿಲ್ಲ, ನಾನು ಎತ್ತಿದರೆ ಎದ್ದು ಹೋಗುತ್ತಿದ್ದಳು. ವಯಸ್ಸಿನ ಹುಡುಗಿ, ಬಿಡು ಎಂದುಕೊಂಡೆ.

ಹೊಸಕೋಟೆಯಲ್ಲಿ ಒಂದು ಕಾರ್ಯಕ್ರಮ ಇತ್ತು. ಕಾಲೇಜಿಗೆ ರಜೆ, ನಾನೂ ಬರ್ತೀನಿ, ನೀನು ಸ್ಟೇಜ್ ಮೇಲೆ ಮಾತಾಡೋದು ನೋಡ್ಬೇಕು ಎಂದಳು ಮಗಳು. ಕರೆದುಕೊಂಡು ಹೋದೆ. ನಾನು ಅಷ್ಟು ಮೀಟಿಂಗುಗಳಿಗೆ ಹೋದರೂ ಅವಳು ಒಂದರಲ್ಲೂ ಕೇಳಿರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಬೇಡ ಎನ್ನುತ್ತಿದ್ದೆನೋ ಏನೋ. ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಹೇಳಿದೆ. ಗಾರೆ ಕೆಲಸ, ಆಟೋ, ಇಬ್ಬರು ಗಂಡುಮಕ್ಕಳು, ಗೇಟು, ಮಕ್ಕಳು ಎಲ್ಲಿ. ಚಪ್ಪಾಳೆ ಹೊಡೆಯಬಾರದು ಎಂದು ಗೊತ್ತಿರುವ ಜನ, ಎಲ್ಲರೂ ತಲೆ ತಗ್ಗಿಸಿದರು. ಮಗಳು ನನ್ನನ್ನೇ ನೋಡುತ್ತಿದ್ದಳು.

ವಾಪಸು ಬರುವಾಗ ಬಸ್ಸು ಹಳೇ ಮದ್ರಾಸ್ ರಸ್ತೆಯಲ್ಲಿ ನಿಂತು ನಿಂತು ಹೋಗುತ್ತಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಆ ಇಬ್ಬರು ಗಂಡುಮಕ್ಕಳು ಯಾರಮ್ಮ?"

"ಅದು ಗುರುತು ಸಿಗಬಾರದು ಅಂತ ಬದಲಾಯಿಸಿರೋದು ಕಣೆ. ರೂಲ್ಸು."

"ಸರಿ. ಅಪ್ಪ ಕೊನೇಲಿ ಹೇಳಿದ್ದು? ಅದೂ ಬದಲಾಯಿಸಿರೋದಾ, ನಿಜವಾ?"

ನಾನು, "ಚಿಕಿತ್ಸೆಯಲ್ಲಿ ಆದ ವಿಳಂಬದ ಸಮಯದಲ್ಲಿ ರೋಗಿ," ಎಂದು ಶುರು ಮಾಡಿದೆ. ನನ್ನ ಬಾಯಿಂದ ಅದೇ ಬಂತು.

"ಅಮ್ಮ, ಅದು ಮೀಟಿಂಗಲ್ಲಿ ಹೇಳೋದು. ನಂಗೆ ನಿಜವಾದ್ದು ಹೇಳು. ಅಪ್ಪ ನನ್ನ ಕೇಳಿದ್ರಾ, ಇಲ್ವಾ?"

ಆಮೇಲೆ ಅವಳೇ ಹೇಳಿದಳು. ಆ ದಿನ ಬೆಳಿಗ್ಗೆ ಅಪ್ಪನ ಜೊತೆ ಜಗಳ ಆಡಿದ್ದಳು. ಸ್ಕೂಲಿನವರು ಟೂರ್ ಹೊರಟಿದ್ದರು, ಇವರು ಕಳಿಸುವುದಿಲ್ಲ ಎಂದಿದ್ದರು. ಶಿಫ್ಟಿಗೆ ಹೋಗುವ ದಾರಿಯಲ್ಲಿ ದಿನಾ ಅವಳನ್ನು ಬಸ್ ಸ್ಟಾಪಿಗೆ ಬಿಡುತ್ತಿದ್ದರು. ಆವತ್ತೂ ಬೈಕ್ ಸ್ಟಾರ್ಟ್ ಮಾಡಿಕೊಂಡು ಕಾದರು. ಇವಳು ಹತ್ತದೆ, ಅವರ ಮುಂದೆಯೇ ನಡೆದುಕೊಂಡು ಹೋದಳು. ಅವರು ಒಂದು ಸಲ ಕರೆದರು. ತಿರುಗಲಿಲ್ಲ. ಸಂಜೆ ಬಂದು ನೋಡಿದರೆ ಅಪ್ಪನನ್ನು ಅಂಗಳದಲ್ಲಿ ಮಲಗಿಸಿದ್ದರು. ಇಷ್ಟು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ.

"ಕೊನೇಲಿ ನನ್ನ ಕೇಳಿದ್ರೆ ಕೋಪ ಇರ್ಲಿಲ್ಲ ಅಂತ ಆಗುತ್ತಲ್ವಾ," ಅಂದಳು. ಅವಳು ಅಳುತ್ತಿರಲಿಲ್ಲ. ಅವಳೂ ನನ್ನ ಹಾಗೇ ಆಗಿಬಿಟ್ಟಿದ್ದಳು, ಅದನ್ನು ನೋಡಿ ನನಗೆ ಭಯವಾಯಿತು.

ಹೌದು ಕೇಳಿದರು ಎಂದು ಒಂದು ಮಾತು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನೂರಾರು ಜನರಿಗೆ ಅಂದಿದ್ದೇನಲ್ಲ. ಅವಳಿಗೆ ಅನ್ನಲು ಆಗಲಿಲ್ಲ. "ನಂಗೊತ್ತಿಲ್ಲ ಕಣೆ," ಅಂದೆ. "ವಿಚಾರಿಸ್ತೀನಿ," ಅಂದೆ. ಸತ್ತ ಗಂಡನ ಬಾಯಿಮಾತನ್ನು ಹೊರಗಿನವರ ಹತ್ತಿರ ವಿಚಾರಿಸುವ ಸ್ಥಿತಿ ನನ್ನದು.

ಮೊದಲ ದಿನ ಚಾಪೆಯ ಮೇಲೆ ಕೂತು ಹೇಳಿದ್ದು ರೆಕಾರ್ಡರಿನಲ್ಲಿ ಇರುತ್ತದಲ್ಲ, ಆಗ ಇನ್ನೂ ಯಾರೂ ತಿದ್ದಿರಲಿಲ್ಲ, ಅದನ್ನು ಕೇಳಿದರೆ ಗೊತ್ತಾಗುತ್ತದೆ ಎಂದು ನನಗೆ ಅನ್ನಿಸಿತು. ಮೇಡಂಗೆ ಫೋನ್ ಮಾಡಿ ಆಫೀಸಿಗೆ ಹೋದೆ. ಮಗಳಿಗೋಸ್ಕರ ಎಂದು ಎಲ್ಲವನ್ನೂ ಹೇಳಿದೆ. ಮೇಡಂ ಟೀ ತರಿಸಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಸಣ್ಣದಾಯಿತು.

"ಅಕ್ಕ, ಆ ರೆಕಾರ್ಡಿಂಗ್ ಇಲ್ಲ. ಪ್ರಾಜೆಕ್ಟ್ ಮುಗಿದ ಮೇಲೆ ಎಲ್ಲಾ ಅಳಿಸಬೇಕು ಅಂತ ಎಥಿಕ್ಸ್ ಕಮಿಟಿ ನಿಯಮ. ನಿಮ್ಮ ರಕ್ಷಣೆಗೇನೇ. ಸಹಿ ಮಾಡುವಾಗ ಓದಿ ಹೇಳಿದ್ವಲ್ಲ."

ಓದಿ ಹೇಳಿದ್ದರು, ಹೌದು. ಆಗ ಅದು ಒಳ್ಳೆಯದೇ ಎನ್ನಿಸಿತ್ತು.

"ನನ್ನ ಮಾತು ನಂಗೆ ಕೊಟ್ಟು ಅಳಿಸ್ಬೋದಿತ್ತು," ಅಂದೆ.

ಮೇಡಂ ಟೇಬಲಿನ ಮೇಲಿದ್ದ ನನ್ನ ಕೈ ಹಿಡಿದುಕೊಂಡರು. ಆಮೇಲೆ ಹೇಳಿದರು, ಇದು ತುಂಬಾ ಮುಖ್ಯವಾದ ವಿಷಯ ಅಕ್ಕ, ಭಾಗವಹಿಸಿದವರಿಗೆ ಹೀಗಾಗುತ್ತೆ ಅನ್ನೋದನ್ನ ನಾವು ಬರೀಬೇಕು, ನಾನು ನೀವು ಸೇರಿ ಬರೆಯೋಣ, ನಿಮ್ಮ ಹೆಸರೂ ಹಾಕೋಣ. ಮಗಳು ಒಪ್ಪಿದರೆ ಅವಳನ್ನೂ ಮಾತಾಡಿಸೋಣ.

ನನಗೆ ಸಿಟ್ಟು ಬರಬೇಕಿತ್ತು. ನನ್ನ ಸಿಟ್ಟು ಊರಿಗೇ ಗೊತ್ತು, ಡೇರಿಯಲ್ಲಿ ಹಾಲಿನ ಗಟ್ಟಿತನ ಅಳೆದು ಡಿಗ್ರಿ ತಪ್ಪು ಹೇಳಿದವನಿಗೆ ಕ್ಯಾನ್ ಎತ್ತಿ ತೋರಿಸಿದವಳು ನಾನು. ಆವತ್ತು ಬರಲಿಲ್ಲ. ಟೀ ಕುಡಿದೆ, ಲೋಟ ತೊಳೆಯುವ ಜಾಗದಲ್ಲಿಟ್ಟೆ, ಮಗಳನ್ನ ಮಾತ್ರ ಬಿಟ್ಟುಬಿಡಿ ಎಂದು ಹೇಳಿ ಬಂದೆ. ಮೇಡಂ ಬಸ್ ಸ್ಟಾಪಿನವರೆಗೆ ನನ್ನ ಜೊತೆಗೇ ನಡೆದು ಬಂದರು. ಬಸ್ಸು ಬರುವವರೆಗೆ ನಿಂತಿದ್ದರು.

ಮಾರನೆಯ ದಿನ ಭಾನುವಾರ. ಊಟ ಮುಗಿಸಿ ಅತ್ತೆ ಅಂಗಳದ ನೆರಳಿನಲ್ಲಿ ಗೋಣಿಚೀಲ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನೂ ಒಂದು ಕಡೆ ಕೂತು ಕೈ ಹಾಕಿದೆ. ಮಗಳು ಬಾಗಿಲಲ್ಲಿ ಬಂದು ನಿಂತು, ಸಿಕ್ತಾ ಎಂದು ಕೇಳಿದಳು. ಇಲ್ಲ, ಅಳಿಸಿಬಿಟ್ಟಿದ್ದಾರೆ ಅಂದೆ.

"ಏನ್ನ ಅಳುಸವ್ರೆ?" ಎಂದರು ಅತ್ತೆ.

ಅವರಿಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಹೇಳಬೇಕು ಎಂದು ನನಗಾಗಲಿ ಮಗಳಿಗಾಗಲಿ ಅನ್ನಿಸಿರಲಿಲ್ಲ. ಮಗಳು ಹೊಸಿಲು ದಾಟಿ ಬಂದು ಅಜ್ಜಿಯ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು.

"ಅಜ್ಜಿ, ಆಸ್ಪತ್ರೆ ಗೇಟ್ ಹತ್ರ ಅಪ್ಪ ನನ್ನ ಕೇಳಿದ್ರಾ?"

ಅತ್ತೆ ಕೈಯಲ್ಲಿದ್ದ ಹಣ್ಣಿನ ನಾರು ಎಳೆದು ಹಾಕಿದರು.

"ಗೇಟತ್ರ ಅವ್ನೆಲ್ಲಿದ್ದ ಮಗಾ," ಎಂದರು. "ಟೋಲ್ ದಾಟ್ತಿದ್ದಂಗೆ ಒಂದು ಸಲ ಉಸುರು ಬಿಟ್ಟ. ಆಮ್ಯಾಲೆ ಎಳ್ಕಳ್ಲಿಲ್ಲ. ತಲೆ ನನ್ನ ತೊಡೆ ಮ್ಯಾಲೆ ಇತ್ತಲ್ಲ. ಹೆತ್ತೋಳಿಗೆ ಗೊತ್ತಾಗಲ್ವಾ."

ನಾನು ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕೈ ನಡೆಯುತ್ತಲೇ ಇತ್ತು. ಟೋಲ್ ದಾಟಿದ ಮೇಲೆ ಆಸ್ಪತ್ರೆಗೆ ಬಹಳ ದೂರವಿದೆ.

"ಯಾಕತ್ತೆ ಹೇಳ್ಲಿಲ್ಲ?" ಅಂದೆ.

"ಹೇಳಿದ್ರೆ ಪಕ್ಕದ್ಮನೆಯೋನು ಗಾಡಿ ತಿರುಗುಸ್ಬುಡೋನು. ನಿಂಗಿನ್ನೂ ಆಸೆ ಇತ್ತು. ಇರ್ಲಿ ಅಂತ ಮುಖದ ಮ್ಯಾಲೆ ಸೆರಗು ಹಾಕಿ ಹಿಡ್ಕಂಡಿದ್ದೆ, ಗಾಳಿಗೆ ಅಂದೆ ನಿಂಗೆ."

"ಆಮೇಲಾದ್ರೂ ಹೇಳ್ಬೋದಿತ್ತು."

"ಆಮ್ಯಾಲೆ ನೀನು ಆಸ್ಪತ್ರೆಯೋರ ಮ್ಯಾಲೆ ಕೋಪ ಮಾಡ್ಕಂಡೆ. ಆ ಕೋಪ ಬಂದ ಮ್ಯಾಲೆ ಎದ್ದು ಓಡಾಡ್ದೆ, ಉಂಡೆ, ಕೆಲ್ಸಕ್ಕೆ ಹೋದೆ. ಅದ್ನೂ ಯಾಕೆ ಕಿತ್ಕಳನ ಅಂತ ಸುಮ್ಕಾದೆ." ಇನ್ನೊಂದು ಹಣ್ಣು ಎತ್ತಿಕೊಂಡು ಅಂದರು, "ನನ್ನ ಯಾರು ಕೇಳುದ್ರು? ಹೊರಗೆ ಕೂತ್ಕೊ ಅಂದ್ರು, ಕೂತ್ಕಂಡೆ."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಏನಾದರೂ ತಿರುಗಿ ಅನ್ನಬಹುದಿತ್ತು. ಅವರ ಮಗ ಅವರ ತೊಡೆಯ ಮೇಲೆ ಸತ್ತಿದ್ದ. ನಾನು ಊರೂರಿಗೆ ಹೋಗಿ ಗೇಟಿನ ಹತ್ತಿರ ಸತ್ತ ಎಂದು ಹೇಳಿ ಬಂದು, ಅವರು ಬಡಿಸಿದ್ದನ್ನು ಉಂಡು ಮಲಗುತ್ತಿದ್ದೆ. ಪುಸ್ತಿಕೆ ತಂದಾಗ ಓದಿ ಹೇಳು ಎಂದು ಕೂಡ ಅವರು ಕೇಳಿರಲಿಲ್ಲ.

ಮಗಳು ತಲೆ ತಗ್ಗಿಸಿ ಬೀಜಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತಿದ್ದಳು.

"ಹಂಗಾದ್ರೆ ನನ್ನ ಕೇಳ್ಲೇ ಇಲ್ಲ," ಎಂದಳು.

"ಗಾಡಿ ಹತ್ತುಸೋವಾಗ್ಲೇ ಮಾತು ನಿಂತೋಗಿತ್ತು ಕಣವ್ವ. ನಿನ್ನೂ ಕೇಳ್ಲಿಲ್ಲ, ನನ್ನೂ ಕೇಳ್ಲಿಲ್ಲ."

"ನನ್ನ ಮೇಲೆ ಕೋಪ ಇತ್ತೇನೋ."

"ಕೋಪವಾ?" ಎಂದರು ಅತ್ತೆ. "ಮಧ್ಯಾನ ಬಂದು ಎದೆ ಉರಿ ಅಂತ ಮಲಗ್ದೋನು, ನಿನ್ನ ಟೂರಿಗೆ ಕಳುಸ್ಬುಡನ ಬುಡವ್ವ, ಎಲ್ಲಾ ಮಕ್ಳೂ ಹೋಯ್ತವೆ ಅಂದ. ನಾನು, ಬಿಸ್ಲು, ಬೇಡ ಅಂದೆ. ಅಷ್ಟೇಯ. ಅದೇನು ಕೋಪ."

ಅದನ್ನು ನಾನೂ ಕೇಳಿರಲಿಲ್ಲ. ಒಳಗೆ ಕಷಾಯ ಕಾಯಿಸುತ್ತಿದ್ದೆನೇನೋ. ಮಗಳು ಅಜ್ಜಿಯ ಮೊಣಕಾಲಿಗೆ ಹಣೆ ಇಟ್ಟಳು. ಅವಳ ಬೆನ್ನು ಅಲುಗಿತು. ಅತ್ತೆಯ ಕೈಯೆಲ್ಲ ಹುಣಸೆಹಣ್ಣು, ಆ ಕೈಯನ್ನು ಅವಳ ತಲೆಗೆ ತಾಗಿಸದೆ ಮೇಲಕ್ಕೆ ಎತ್ತಿ ಹಿಡಿದುಕೊಂಡಿದ್ದರು. ಅವಳು ಅಳುವುದನ್ನು ನೋಡಿ ನನಗೆ ನೆಮ್ಮದಿಯಾಯಿತು. ನನಗೆ ಮಾತ್ರ ಆಗಲೂ ಏನೂ ಆಗಲಿಲ್ಲ, ನಾನು ಬೀಜ ಬಿಡಿಸುತ್ತಾ ಇದ್ದೆ.

ಅತ್ತು ಮುಗಿಸಿ, ಮುಖ ಎತ್ತದೆಯೇ ಮಗಳು ಕೇಳಿದಳು, "ಆಗ ಅಮ್ಮ ಏನ್ ಮಾಡ್ತಿದ್ಲು ಅಜ್ಜಿ?"

"ನಿಮ್ಮಮ್ಮ ಅವ್ನ ಕಾಲತ್ರ ಕೂತಿದ್ಲು. ಅಂಗಾಲು ತಿಕ್ಕೋಳು. ಟೋಲಿಂದ ಆಸ್ಪತ್ರೆ ಗಂಟ ಕೈ ಬುಡ್ದೆ ತಿಕ್ಕುದ್ಲು. ಬಿಸಿ ಬಂತು ಅತ್ತೆ, ಬಿಸಿ ಬಂತು ಅನ್ನೋಳು." ಅತ್ತೆ ನನ್ನ ಕಡೆ ನೋಡಲಿಲ್ಲ. "ನಾನು ಹೂಂ ಕಣವ್ವ ಅಂತಿದ್ದೆ."

ಇದು ನನಗೆ ನೆನಪಿರಲಿಲ್ಲ. ಯಾವ ತರಬೇತಿಯಲ್ಲೂ ಯಾರೂ ಇದನ್ನು ತೆಗೆದಿರಲಿಲ್ಲ, ಯಾಕೆಂದರೆ ನಾನು ಯಾರಿಗೂ ಹೇಳಿಯೇ ಇರಲಿಲ್ಲ. ಈಗ ನೆನಪಾಯಿತು. ಅವರ ಹಿಮ್ಮಡಿ ಒಡೆದಿತ್ತು, ತಿಕ್ಕುವಾಗ ಅದರ ಬಿರುಕು ನನ್ನ ಅಂಗೈಗೆ ಒರಟಾಗಿ ತಗಲುತ್ತಿತ್ತು. ಬೆರಳುಗಳು ತಣ್ಣಗಿದ್ದವು. ಬಿಸಿ ಇದ್ದದ್ದು ನನ್ನ ಕೈಯದು.